ಕೋರ್ಟು ವಿಧಿಸಿದ ಸೇವೆ ನೌಕರಿಯಲ್ಲ. ಆದರೆ ಮುಚ್ಚಿಡುವ ಸಂಗತಿಯೂ ಅಲ್ಲ

ನಿರುದ್ಯೋಗ ಭತ್ಯೆ ಪಡೆಯುವ ಕಾರ್ಮಿಕ ಬಾಂಧವರು ತಿಳಿದಿರಬೇಕಾದ ವಿಚಾರ

ಮುಂಬಯಿ: ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ಮಹಾನಗರಕ್ಕೆ ಬಂದ ಕನ್ನಡಿಗನಿಗೆ ಎರಡು ಸಂಗತಿಗಳ ಭಯ ಯಾವತ್ತೂ ಇದ್ದದ್ದೇ. ಒಂದು, ಇದ್ದ ಕೆಲಸ ಹೋಗುವುದು. ಇನ್ನೊಂದು, ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿ ಬರುವುದು. ಇವೆರಡೂ ಒಟ್ಟಿಗೇ ಬಂದರೆ ಎಂಥ ಗಟ್ಟಿಗನೂ ಕಂಗಾಲಾಗುತ್ತಾನೆ. ಕಾರ್ಖಾನೆ ಮುಚ್ಚಿ ಮನೆಯಲ್ಲಿ ಕುಳಿತವನು ಒಂದು ದಿನ ಕುಡಿದು ರಸ್ತೆಯಲ್ಲಿ ಗಲಾಟೆ ಮಾಡಿ ಪೊಲೀಸರ ಕೈಗೆ ಸಿಕ್ಕಿಬಿದ್ದ ಎಂದಿಟ್ಟುಕೊಳ್ಳೋಣ. ನ್ಯಾಯಾಧೀಶರು ಅವನನ್ನು ಜೈಲಿಗೆ ಕಳುಹಿಸದೆ ಇಂತಿಷ್ಟು ದಿನ ಸಮುದಾಯ ಸೇವೆ ಮಾಡು ಎಂದು ಆದೇಶಿಸುತ್ತಾರೆ. ಅತ್ತ ಇಎಸ್‌ಐ ಕಚೇರಿಯಲ್ಲಿ ಅವನ ನಿರುದ್ಯೋಗ ಭತ್ಯೆಯ ಅರ್ಜಿ ಬಾಕಿ ಇದೆ. ಈಗ ಅವನನ್ನು ಕಾಡುವ ಪ್ರಶ್ನೆ ಇದು: ಪ್ರತಿದಿನ ಆಸ್ಪತ್ರೆಯ ಆವರಣ ಗುಡಿಸಲು ಹೋಗುವ ನಾನು ನಿರುದ್ಯೋಗಿಯೋ, ಉದ್ಯೋಗಿಯೋ? ಇದನ್ನು ಕಚೇರಿಗೆ ತಿಳಿಸಬೇಕೋ, ತಿಳಿಸಿದರೆ ಭತ್ಯೆ ನಿಂತುಹೋಗುವುದೋ?

ಕೆಲವು ವರ್ಷಗಳ ಹಿಂದೆ ನಮ್ಮ ದೇಶದಲ್ಲಿ ಈ ಪ್ರಶ್ನೆ ಏಳುವ ಸಂದರ್ಭವೇ ಇರಲಿಲ್ಲ. ಈಗ ಇದೆ. ಸಂಘ-ಸಂಸ್ಥೆಗಳಿಗೆ ಸಲಹೆ ಕೇಳಿಕೊಂಡು ಬರುವ ಬಾಂಧವರಿಗೆ ಸರಿಯಾದ ದಾರಿ ತೋರಿಸಲು ನಮ್ಮ ಪದಾಧಿಕಾರಿಗಳು, ಕಾರ್ಯಕರ್ತರು ಇದನ್ನು ತಿಳಿದಿಟ್ಟುಕೊಳ್ಳುವುದು ಒಳಿತು.

ಹೊಸ ಶಿಕ್ಷೆ, ಹಳೆಯ ಚಿಂತನೆ

ತಪ್ಪಿತಸ್ಥನನ್ನು ಜೈಲಿಗೆ ಹಾಕುವ ಬದಲು ಸಮಾಜಕ್ಕೆ ಉಪಯೋಗವಾಗುವ ಕೆಲಸ ಮಾಡಿಸುವ ವಿಚಾರ ಹೊಸದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯಲ್ಲಿ 1966ರಲ್ಲೇ ಇದು ಆರಂಭವಾಯಿತು. ಇಂಗ್ಲೆಂಡ್ 1972ರಲ್ಲಿ ಕಾಯ್ದೆಯನ್ನೇ ಮಾಡಿತು. ನಮ್ಮಲ್ಲೂ 1978ರ ಭಾರತೀಯ ದಂಡ ಸಂಹಿತೆ ತಿದ್ದುಪಡಿ ಮಸೂದೆಯಲ್ಲಿ ಈ ಶಿಕ್ಷೆಯ ಪ್ರಸ್ತಾಪವಿತ್ತು. ಆದರೆ 1979ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಆ ಮಸೂದೆಯೂ ಬಿದ್ದುಹೋಯಿತು.

ಕಡೆಗೂ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 4ನೇ ಕಲಂನಲ್ಲಿ ಮರಣದಂಡನೆ, ಜೀವಾವಧಿ, ಸೆರೆವಾಸ, ಆಸ್ತಿ ಮುಟ್ಟುಗೋಲು, ದಂಡ ಇವುಗಳ ಜೊತೆಗೆ ಸಮುದಾಯ ಸೇವೆಯೂ ಒಂದು ಶಿಕ್ಷೆಯಾಗಿ ಸೇರಿತು. ಎಲ್ಲ ಅಪರಾಧಗಳಿಗೂ ಇದು ಅನ್ವಯವಾಗುವುದಿಲ್ಲ. ಸಂಹಿತೆಯಲ್ಲಿ ಆರು ಸಣ್ಣ ಅಪರಾಧಗಳಿಗೆ ಮಾತ್ರ ಇದರ ಉಲ್ಲೇಖವಿದೆ: ಸರಕಾರಿ ನೌಕರ ಕಾನೂನುಬಾಹಿರವಾಗಿ ವ್ಯಾಪಾರ ನಡೆಸುವುದು, ನ್ಯಾಯಾಲಯದ ಉದ್ಘೋಷಣೆಯ ನಂತರವೂ ಹಾಜರಾಗದಿರುವುದು, ಅಧಿಕಾರಿಯನ್ನು ಬಗ್ಗಿಸಲು ಆತ್ಮಹತ್ಯೆಗೆ ಯತ್ನಿಸುವುದು, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವು, ಕುಡಿದು ಸಾರ್ವಜನಿಕ ಸ್ಥಳದಲ್ಲಿ ದುರ್ವರ್ತನೆ ಮತ್ತು ಮಾನಹಾನಿ.

ಇವುಗಳಲ್ಲಿ ನಮ್ಮ ಕಾರ್ಮಿಕ ಬಂಧುಗಳಿಗೆ ಹೆಚ್ಚಾಗಿ ತಟ್ಟಬಹುದಾದವು ಎರಡು. ಮೊದಲನೆಯದು 303ನೇ ಕಲಂನ ಸಣ್ಣ ಕಳವು. ಮೊದಲ ಬಾರಿಗೆ ತಪ್ಪಿತಸ್ಥನಾದವನು ವಸ್ತುವನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಎರಡನೆಯದು 355ನೇ ಕಲಂ. ಕುಡಿದು ಸಾರ್ವಜನಿಕವಾಗಿ ಉಪದ್ರವ ಕೊಟ್ಟವನಿಗೆ 24 ಗಂಟೆಗಳವರೆಗೆ ಸಾದಾ ಸೆರೆವಾಸ, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ.

ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. 2024ರ ಮೇ ತಿಂಗಳಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಕಾರು ಹಾಯ್ದು ಇಬ್ಬರು ಯುವ ಇಂಜಿನಿಯರುಗಳು ಸಾವಿಗೀಡಾದಾಗ, ಬಾಲನ್ಯಾಯ ಮಂಡಳಿಯು 300 ಪದಗಳ ಪ್ರಬಂಧ ಬರೆಯುವ ಷರತ್ತಿನ ಮೇಲೆ ಜಾಮೀನು ಕೊಟ್ಟದ್ದು ದೇಶದಾದ್ಯಂತ ಚರ್ಚೆಯಾಯಿತು. ಅದು ಜಾಮೀನಿನ ಷರತ್ತೇ ಹೊರತು ಶಿಕ್ಷೆಯಲ್ಲ. ಹೊಸ ಸಂಹಿತೆಯ ಸಮುದಾಯ ಸೇವೆಯಾದರೋ ಅಪರಾಧ ಸಾಬೀತಾದ ಮೇಲೆ ವಿಧಿಸುವ ಶಿಕ್ಷೆ. ಮುಂದೆ ಎಲ್ಲಿಯಾದರೂ ಅರ್ಜಿಯಲ್ಲಿ ‘ಶಿಕ್ಷೆಯಾಗಿದೆಯೇ’ ಎಂದು ಕೇಳಿದರೆ ಈ ಎರಡಕ್ಕೂ ಉತ್ತರ ಬೇರೆ ಬೇರೆ. ಆದುದರಿಂದ ತನಗೆ ಆಗಿರುವುದು ಯಾವುದು ಎಂಬುದನ್ನು ಮೊದಲು ವಕೀಲರಿಂದ ಖಚಿತಪಡಿಸಿಕೊಳ್ಳಬೇಕು.

ಪಗಾರವಿಲ್ಲದ ಕೆಲಸ

ನಮ್ಮ ಪ್ರಶ್ನೆಗೆ ಉತ್ತರದ ಬೀಗದ ಕೈ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 23ನೇ ಕಲಂನಲ್ಲಿದೆ. ಸಮುದಾಯ ಸೇವೆ ಎಂದರೆ ಏನು ಎಂದು ಅಲ್ಲಿ ವಿವರಣೆ ಕೊಡಲಾಗಿದೆ. ಶಿಕ್ಷೆಯ ರೂಪದಲ್ಲಿ ನ್ಯಾಯಾಲಯ ಮಾಡಲು ಹೇಳುವ, ಸಮುದಾಯಕ್ಕೆ ಪ್ರಯೋಜನವಾಗುವ ಕೆಲಸ ಅದು. ಅದಕ್ಕೆ ಯಾವುದೇ ಸಂಭಾವನೆ ಪಡೆಯುವ ಹಕ್ಕು ಅವನಿಗಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯೂ ಸಮುದಾಯ ಸೇವೆಯನ್ನು ವೇತನವಿಲ್ಲದ ಕೆಲಸವೆಂದೇ ಕರೆದಿದೆ.

ಅಂದರೆ ಇಲ್ಲಿ ಮಾಲಕನಿಲ್ಲ, ಪಗಾರವಿಲ್ಲ, ನೇಮಕಾತಿ ಪತ್ರವಿಲ್ಲ, ಇಎಸ್‌ಐ ವಂತಿಗೆಯೂ ಇಲ್ಲ. ಬೆಳಗ್ಗೆ ಎದ್ದು ಪೊರಕೆ ಹಿಡಿದ ಮಾತ್ರಕ್ಕೆ ಅವನು ಉದ್ಯೋಗಿಯಾಗುವುದಿಲ್ಲ. ಅವನು ಮಾಡುತ್ತಿರುವುದು ಶಿಕ್ಷೆಯ ಪಾಲನೆ. ಕೆಲಸ ಕಳೆದುಕೊಂಡವನು ಆ ದಿನಗಳಲ್ಲೂ ನಿರುದ್ಯೋಗಿಯೇ.

ಭತ್ಯೆಯ ನಿಯಮ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಖಾಸಗಿ ಕಾರ್ಮಿಕರಿಗೆ ನಿರುದ್ಯೋಗ ಭತ್ಯೆ ಸಿಗುವುದು ಮುಖ್ಯವಾಗಿ ಇಎಸ್‌ಐ ನಿಗಮದ ಮೂಲಕ. 2005ರ ಏಪ್ರಿಲ್ 1ರಂದು ಆರಂಭವಾದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯು ಕಾರ್ಖಾನೆ ಮುಚ್ಚುಗಡೆ ಅಥವಾ ಛಾಂಟಿಯಿಂದ ಕೆಲಸ ಹೋದವರಿಗೆ, ಹಾಗೂ ಕೆಲಸಕ್ಕೆ ಸಂಬಂಧವಿಲ್ಲದ ಅಪಘಾತದಿಂದ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಶಾಶ್ವತ ಅಂಗವೈಕಲ್ಯ ಉಂಟಾದವರಿಗೆ ರೂಪಿಸಿದ್ದು. 2018ರ ಜುಲೈ 1ರಂದು ಬಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯು ಜೀವಮಾನದಲ್ಲಿ ಗರಿಷ್ಠ 90 ದಿನಗಳ ಪರಿಹಾರ ಕೊಡುತ್ತದೆ. ಆರಂಭದಲ್ಲಿ ಇದು ಸರಾಸರಿ ದಿನಗಳಿಕೆಯ ಶೇ. 25ರಷ್ಟಿತ್ತು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 24ರಿಂದ ಅನ್ವಯವಾಗುವಂತೆ ಶೇ. 50ಕ್ಕೆ ಏರಿಸಲಾಯಿತು. ದಿನಕ್ಕೆ 600 ರೂಪಾಯಿ ಗಳಿಸುತ್ತಿದ್ದವನಿಗೆ ಶೇ. 50ರ ಲೆಕ್ಕದಲ್ಲಿ ದಿನಕ್ಕೆ 300, 90 ದಿನಗಳಿಗೆ 27,000 ರೂಪಾಯಿ. ಬಾಡಿಗೆ ಖೋಲಿಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇರುವವನಿಗೆ ಇದು ಸಣ್ಣ ಮೊತ್ತವೇನಲ್ಲ. ಈ ಯೋಜನೆ ಕಾಲಕಾಲಕ್ಕೆ ವಿಸ್ತರಣೆಗೊಳ್ಳುತ್ತಾ ಬಂದಿರುವುದರಿಂದ ಅರ್ಜಿ ಹಾಕುವ ಮೊದಲು ಶಾಖಾ ಕಚೇರಿಯಲ್ಲಿ ಆ ದಿನದ ಅವಧಿ ಮತ್ತು ದರ ವಿಚಾರಿಸಿಕೊಳ್ಳಬೇಕು.

ಅಟಲ್ ಯೋಜನೆಯ ಷರತ್ತುಗಳಲ್ಲಿ ಮುಖ್ಯವಾದವು ಇವು. ಕೆಲಸ ಹೋಗುವ ಮೊದಲು ಕನಿಷ್ಠ ಎರಡು ವರ್ಷ ಇಎಸ್‌ಐ ವ್ಯಾಪ್ತಿಯ ನೌಕರಿಯಲ್ಲಿರಬೇಕು. ಕೆಲಸ ಹೋಗುವ ಹಿಂದಿನ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿರಬೇಕು. ಆ ಎರಡು ವರ್ಷಗಳ ಉಳಿದ ಮೂರು ಅವಧಿಗಳಲ್ಲಿ ಒಂದರಲ್ಲೂ 78 ದಿನಗಳು ಇರಬೇಕು. ಎರಡು ಕಡೆ ಕೆಲಸ ಮಾಡುತ್ತಿದ್ದವನು ಎರಡೂ ಕಡೆ ಕೆಲಸ ಕಳೆದುಕೊಂಡಿರಬೇಕು. ದುರ್ನಡತೆಗಾಗಿ ಕೆಲಸದಿಂದ ತೆಗೆದದ್ದಾಗಲಿ, ನಿವೃತ್ತಿಯಾಗಲಿ, ಸ್ವಯಂ ನಿವೃತ್ತಿಯಾಗಲಿ ನಿರುದ್ಯೋಗಕ್ಕೆ ಕಾರಣವಾಗಿರಬಾರದು.

ಇಲ್ಲಿ ಎಲ್ಲಿಯೂ ‘ಸಮುದಾಯ ಸೇವೆ ಮಾಡುವವನಿಗೆ ಭತ್ಯೆ ಇಲ್ಲ’ ಎಂಬ ಮಾತಿಲ್ಲ. ಆದರೆ ಕೊನೆಯ ಷರತ್ತಿನಲ್ಲಿ ಒಂದು ಸೂಕ್ಷ್ಮವಿದೆ. ಕಾರ್ಖಾನೆ ಮುಚ್ಚಿ ಕೆಲಸ ಹೋದವನು ಆಮೇಲೆ ಬೇರೊಂದು ಪ್ರಕರಣದಲ್ಲಿ ಶಿಕ್ಷೆಗೆ ಒಳಗಾದರೆ, ಅವನ ನಿರುದ್ಯೋಗಕ್ಕೆ ಕಾರಣ ಆ ಶಿಕ್ಷೆಯಲ್ಲ, ಮುಚ್ಚುಗಡೆ. ಅವನ ಹಕ್ಕು ಉಳಿಯುತ್ತದೆ. ಮಾಲಕರ ಗಲ್ಲಾದಿಂದಲೋ ಗೋದಾಮಿನಿಂದಲೋ ಕದ್ದು ಸಿಕ್ಕಿಬಿದ್ದು, ವಿಚಾರಣೆಯ ಬಳಿಕ ದುರ್ನಡತೆಗಾಗಿ ಕೆಲಸದಿಂದ ತೆಗೆಯಲ್ಪಟ್ಟವನ ಕತೆ ಬೇರೆ. ಅವನಿಗೆ ಭತ್ಯೆ ತಪ್ಪುವುದು ದುರ್ನಡತೆಯ ಕಾರಣಕ್ಕೆ. ನ್ಯಾಯಾಲಯ ಅವನಿಗೆ ಜೈಲು ಕೊಡಲಿ, ಸಮುದಾಯ ಸೇವೆ ಕೊಡಲಿ, ಫಲ ಒಂದೇ. ಹಾಗಾಗಿ ಕೆಲಸ ಹೋದ ತಾರೀಕು ಮತ್ತು ಕಾರಣ ಬರೆದಿರುವ ಕಾಗದ ಎಲ್ಲಕ್ಕಿಂತ ಮುಖ್ಯ. ಅದನ್ನು ಕೈಬಿಡಬಾರದು.

ಏನನ್ನು ತಿಳಿಸಬೇಕು?

ಅಪಾಯ ಇರುವುದು ಸೇವೆಯಲ್ಲಲ್ಲ, ಸುಳ್ಳಿನಲ್ಲಿ. ಸುಳ್ಳು ಹೇಳಿಕೆ ಕೊಟ್ಟು ಇಎಸ್‌ಐ ಸೌಲಭ್ಯ ಪಡೆಯುವುದಕ್ಕೆ 1948ರ ಕಾಯ್ದೆಯ 84ನೇ ಕಲಂ ಆರು ತಿಂಗಳವರೆಗಿನ ಸೆರೆವಾಸವನ್ನು ಇಟ್ಟಿತ್ತು. ಹಾಗೆ ಶಿಕ್ಷೆಗೊಳಗಾದವನಿಗೆ ನಿಗದಿತ ಅವಧಿಗೆ ನಗದು ಸೌಲಭ್ಯವೂ ನಿಲ್ಲುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಆ ಹಳೆಯ ಕಾಯ್ದೆಯ ಸ್ಥಾನ ಪಡೆದಿದೆ. ಅದರಲ್ಲೂ ಸುಳ್ಳು ಹೇಳಿ ಸೌಲಭ್ಯ ಪಡೆಯುವುದು ಅಪರಾಧವೇ.

ಹಾಗಾದರೆ ಅರ್ಜಿದಾರ ಏನು ಮಾಡಬೇಕು? ‘ಈ ಅವಧಿಯಲ್ಲಿ ನೌಕರಿ ಮಾಡಿದ್ದೀರಾ, ವೇತನ ಪಡೆದಿದ್ದೀರಾ’ ಎಂಬ ಪ್ರಶ್ನೆಗೆ, ನಿಜವಾಗಿಯೂ ಪಡೆದಿರದಿದ್ದರೆ, ಇಲ್ಲ ಎಂದೇ ಬರೆಯಬೇಕು. ಸಮುದಾಯ ಸೇವೆಯನ್ನು ನೌಕರಿಯೆಂದು ತಪ್ಪಾಗಿ ತಿಳಿದು ಹೌದು ಎಂದು ಬರೆದರೆ ಅರ್ಜಿ ವಿನಾಕಾರಣ ತಿರಸ್ಕೃತವಾದೀತು. ಆದರೆ ‘ಹಗಲು ಹೊತ್ತು ಎಲ್ಲಿಗೆ ಹೋಗುತ್ತಿದ್ದೀರಿ’ ಎಂದು ಅಧಿಕಾರಿ ಕೇಳಿದಾಗ, ಅಥವಾ ಯಾರಾದರೂ ‘ಇವನು ಕೆಲಸ ಮಾಡುತ್ತಿದ್ದಾನೆ’ ಎಂದು ದೂರು ಕೊಟ್ಟಾಗ, ನಾಚಿಕೆಯಿಂದ ಮಾತು ಮರೆಸಬಾರದು. ನ್ಯಾಯಾಲಯದ ಆದೇಶದ ಪ್ರತಿಯನ್ನು ಮುಂದಿಟ್ಟು, ‘ಇಂತಹ ತಾರೀಕಿನಿಂದ ಇಂತಹ ತಾರೀಕಿನವರೆಗೆ ನ್ಯಾಯಾಲಯದ ಆದೇಶದಂತೆ ಇಂತಹ ಕಡೆ ಸೇವೆ ಸಲ್ಲಿಸುತ್ತಿದ್ದೇನೆ, ಇದಕ್ಕೆ ಯಾವ ಸಂಭಾವನೆಯೂ ಇಲ್ಲ, ಕೆಲಸ ಸಿಕ್ಕರೆ ಸೇರಲು ಸಿದ್ಧನಿದ್ದೇನೆ’ ಎಂದು ಎರಡು ಸಾಲು ಬರೆದುಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡರೆ ಮುಗಿಯಿತು.

ಮೂರು ಕಾಗದಗಳನ್ನು ಜೋಪಾನ ಮಾಡಬೇಕು. ಒಂದು, ಕೆಲಸ ಹೋದದ್ದಕ್ಕೆ ದಾಖಲೆ. ಎರಡು, ನ್ಯಾಯಾಲಯದ ಆದೇಶದ ದೃಢೀಕೃತ ಪ್ರತಿ. ಮೂರು, ಸೇವೆ ಮಾಡಿದ ಕಡೆಯ ಹಾಜರಿ ಪತ್ರ. ಹಾಜರಿ ಪತ್ರದ ಮಹತ್ವ ಇನ್ನೂ ಒಂದು ಕಾರಣಕ್ಕೆ ಇದೆ. ಸೇವೆಗೆ ತಪ್ಪಿಸಿಕೊಂಡರೆ ಅದರ ಬದಲು ಸೆರೆವಾಸ ವಿಧಿಸಲು ಭಾರತೀಯ ನ್ಯಾಯ ಸಂಹಿತೆಯ 8ನೇ ಕಲಂನಲ್ಲಿ ಅವಕಾಶವಿದೆ. ಭತ್ಯೆಯ ಕಚೇರಿಯ ಸಾಲಿನಲ್ಲಿ ನಿಲ್ಲಲು ಹೋಗಿ ಸೇವೆ ತಪ್ಪಿಸುವುದಾಗಲಿ, ಸೇವೆಗೆ ಹೋಗಿ ಕಚೇರಿಯ ಕರೆ ತಪ್ಪಿಸುವುದಾಗಲಿ ಎರಡೂ ನಷ್ಟವೇ.

ಇನ್ನೊಂದು ಎಚ್ಚರಿಕೆ. ಬೆಳಗ್ಗೆ ಸೇವೆ ಮುಗಿಸಿ ಸಂಜೆ ಪರಿಚಯದವರ ಹೊಟೇಲಿನಲ್ಲಿ ಕೂಲಿಗೆ ನಿಂತರೆ ಆ ಕೂಲಿ ಗಳಿಕೆಯೇ. ಅದಕ್ಕೆ ನ್ಯಾಯಾಲಯದ ಆದೇಶ ರಕ್ಷಣೆ ಕೊಡುವುದಿಲ್ಲ. ಅದೇ ರೀತಿ, ಸೇವೆ ಮಾಡಿದ ಸಂಸ್ಥೆಯವರೇ ಅವನ ಶ್ರದ್ಧೆ ಮೆಚ್ಚಿ ಪಗಾರದ ಕೆಲಸಕ್ಕೆ ಇಟ್ಟುಕೊಂಡರೆ ಆ ದಿನದಿಂದಲೇ ಅವನು ನಿರುದ್ಯೋಗಿಯಲ್ಲ. ಇವೆರಡನ್ನೂ ತಾನಾಗಿಯೇ ಕಚೇರಿಗೆ ತಿಳಿಸಬೇಕು.

ಊರಿನ ಯುವನಿಧಿಯ ಮಾತು

ಮುಂಬಯಿ ಕನ್ನಡಿಗರ ಬಂಧುಬಳಗದಲ್ಲಿ ಊರಿನಲ್ಲೇ ಓದಿ ಪದವಿ ಮುಗಿಸಿದ ಹುಡುಗ-ಹುಡುಗಿಯರು ಹಲವರಿದ್ದಾರೆ. ಕರ್ನಾಟಕ ಸರಕಾರದ ಯುವನಿಧಿ ಯೋಜನೆಯಡಿ ಮೊದಲ ಹಣ ಬಿಡುಗಡೆಯಾದದ್ದು 2024ರ ಜನವರಿ 12ರಂದು, ಶಿವಮೊಗ್ಗದಲ್ಲಿ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ ಎಂಬುದು ಅದರ ನಿಯಮ. ಇಲ್ಲಿ ಫಲಾನುಭವಿಯು ತನಗೆ ಇನ್ನೂ ಉದ್ಯೋಗ ಸಿಕ್ಕಿಲ್ಲ, ಉನ್ನತ ವ್ಯಾಸಂಗಕ್ಕೂ ಸೇರಿಲ್ಲ ಎಂದು ಕಾಲಕಾಲಕ್ಕೆ ಸ್ವಯಂ ಘೋಷಣೆ ಸಲ್ಲಿಸಬೇಕು. ಘೋಷಣೆ ತಪ್ಪಿದರೆ ಹಣವೂ ತಪ್ಪುತ್ತದೆ. ಇಲ್ಲೂ ತರ್ಕ ಅದೇ. ಸಂಭಾವನೆಯಿಲ್ಲದ ಸೇವೆ ಉದ್ಯೋಗವಲ್ಲ. ಆದರೆ ಘೋಷಣೆಯ ಪ್ರತಿಯೊಂದು ಸಾಲನ್ನೂ ಓದಿ ನಿಜವನ್ನೇ ತುಂಬಬೇಕು. ಊರಿನ ಸೈಬರ್ ಅಂಗಡಿಯವರು ಅಂದಾಜಿಗೆ ಒತ್ತಿದ ಗುಂಡಿಗೂ ಹೊಣೆ ಸಹಿ ಹಾಕಿದವರದೇ.

ಹೊರದೇಶಗಳಲ್ಲಿ

ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ ಈ ಪ್ರಶ್ನೆ ಮೊದಲೇ ಬಂದಿರಬಹುದು. ಅಲ್ಲಿ 1935ರ ಸಾಮಾಜಿಕ ಭದ್ರತಾ ಕಾಯ್ದೆಯ ಅಡಿಪಾಯದ ಮೇಲೆ ಪ್ರತಿಯೊಂದು ರಾಜ್ಯವೂ ತನ್ನದೇ ನಿರುದ್ಯೋಗ ವಿಮೆ ನಡೆಸುತ್ತದೆ. ಭತ್ಯೆ ಪಡೆಯುವವನು ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ವರದಿ ಒಪ್ಪಿಸಬೇಕು: ಈ ವಾರ ಕೆಲಸ ಮಾಡಿದ್ದೀರಾ, ಏನಾದರೂ ಗಳಿಸಿದ್ದೀರಾ, ಕೆಲಸ ಮಾಡಲು ಶಕ್ತರಿದ್ದೀರಾ, ಕೆಲಸ ಸಿಕ್ಕರೆ ಸೇರಲು ಲಭ್ಯರಿದ್ದೀರಾ? ಸಂಬಳವಿಲ್ಲದ ಸೇವೆ ಗಳಿಕೆಯಾಗುವುದಿಲ್ಲವಾದರೂ ‘ಲಭ್ಯರಿದ್ದೀರಾ’ ಎಂಬ ಪ್ರಶ್ನೆಗೆ ಅದು ಅಡ್ಡಬರಬಹುದು. ವಾರದ ಐದೂ ದಿನ ಬೆಳಗಿನಿಂದ ಸಂಜೆಯವರೆಗೆ ಸೇವೆಯಲ್ಲಿದ್ದವನು ಹೊಸ ಕೆಲಸಕ್ಕೆ ಹೇಗೆ ಸೇರಿಯಾನು? ಅದಕ್ಕೇ ಅಲ್ಲಿಯವರು ಸೇವೆಯ ಗಂಟೆಗಳನ್ನು ಶನಿವಾರ, ಭಾನುವಾರಕ್ಕೋ ಸಂಜೆಗೋ ಹೊಂದಿಸಿಕೊಡುವಂತೆ ಕೇಳಿಕೊಳ್ಳುವುದು ಲೇಸು.

ಇಂಗ್ಲೆಂಡಿನಲ್ಲಿ ಇಂತಹ ಸೇವೆಗೆ 40ರಿಂದ 300 ಗಂಟೆಗಳ ಮಿತಿ ಇದೆ. ಸಾಧ್ಯವಾದಷ್ಟು ಮಟ್ಟಿಗೆ ಅದು ವ್ಯಕ್ತಿಯ ಕೆಲಸದ ವೇಳೆಗೆ, ಓದಿನ ವೇಳೆಗೆ ಅಡ್ಡಿಯಾಗದಂತೆ ನೋಡಿಕೊಳ್ಳಬೇಕೆಂದು ಕಾನೂನೇ ಹೇಳುತ್ತದೆ. ನಮ್ಮ ಸಂಹಿತೆಯಲ್ಲಿ ಗಂಟೆಗಳ ಲೆಕ್ಕ ಬರೆದಿಲ್ಲ. ಎಲ್ಲವೂ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಆದುದರಿಂದ ಶಿಕ್ಷೆ ಪ್ರಕಟವಾಗುವ ಹೊತ್ತಿನಲ್ಲೇ ವಕೀಲರ ಮೂಲಕ, ‘ಇವನು ಕೆಲಸ ಹುಡುಕುತ್ತಿದ್ದಾನೆ, ಸಂದರ್ಶನಕ್ಕೆ ಹೋಗಲು ಬಿಡುವು ಬೇಕು, ಸ್ಥಳ ಮತ್ತು ವೇಳೆಯನ್ನು ಆದೇಶದಲ್ಲಿ ಸ್ಪಷ್ಟವಾಗಿ ನಮೂದಿಸಬೇಕು’ ಎಂದು ವಿನಂತಿಸಿಕೊಳ್ಳುವುದು ಜಾಣತನ. ವಕೀಲರನ್ನು ಇಡಲು ಹಣವಿಲ್ಲದವರು ಕೈಚೆಲ್ಲಿ ಕೂರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಕಡಿಮೆ ಆದಾಯದವರು ಉಚಿತ ಕಾನೂನು ನೆರವಿಗೆ ಅರ್ಹರು. 15100 ಸಂಖ್ಯೆಗೆ ಕರೆ ಮಾಡಿದರೆ ದಾರಿ ತಿಳಿಯುತ್ತದೆ.

ಸಂಘ-ಸಂಸ್ಥೆಗಳ ಪಾತ್ರ

ಇಷ್ಟೆಲ್ಲಾ ನಿಯಮಗಳ ಮಾತಾಡಿದರೂ ಒಂದು ಕಹಿಸತ್ಯ ಉಳಿದೇ ಇದೆ. ಪಗಾರದ ಚೀಟಿಯಲ್ಲಿ ಇಎಸ್‌ಐ ಕಡಿತವೇ ಇಲ್ಲದವನಿಗೆ ಈ ಭತ್ಯೆಯ ಬಾಗಿಲೇ ತೆರೆಯುವುದಿಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಪಗಾರವಿರುವ, ಯೋಜನೆಯ ವ್ಯಾಪ್ತಿಗೆ ಬರುವ ಸಂಸ್ಥೆಯ ನೌಕರನಿಗೆ ಕಡಿತ ಶೇ. 0.75 ಮಾತ್ರ. 16,000 ಪಗಾರದವನಿಗೆ ತಿಂಗಳಿಗೆ 120 ರೂಪಾಯಿ. ಮಾಲಕರ ಪಾಲು ಶೇ. 3.25. ಹೊಟೇಲು, ಕ್ಯಾಟರಿಂಗ್, ಸಣ್ಣ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಹುಡುಗರು ತಮ್ಮ ಹೆಸರಿನಲ್ಲಿ ವಿಮಾ ಸಂಖ್ಯೆ ಇದೆಯೇ ಎಂದು ಇಂದೇ ನೋಡಿಕೊಳ್ಳಬೇಕು. ಉದ್ಯಮಿಗಳಾಗಿರುವ ನಮ್ಮವರೂ ತಮ್ಮ ನೌಕರರ ವಂತಿಗೆಯನ್ನು ಸರಿಯಾಗಿ ತುಂಬಿದರೆ ಅದಕ್ಕಿಂತ ದೊಡ್ಡ ಸಮಾಜಸೇವೆ ಬೇರೊಂದಿಲ್ಲ. 2020ರ ಸಡಿಲಿಕೆಯ ಬಳಿಕ ಕಾರ್ಮಿಕನೇ ನೇರವಾಗಿ ಶಾಖಾ ಕಚೇರಿಗೆ ಅರ್ಜಿ ಸಲ್ಲಿಸಲು ಅವಕಾಶ ಬಂದಿತು; ಕೆಲಸ ಹೋಗಿ 90 ದಿನ ಕಾಯಬೇಕಿದ್ದುದು 30 ದಿನಕ್ಕೆ ಇಳಿಯಿತು. ಇಷ್ಟು ತಿಳಿಯದೆ ಸೌಲಭ್ಯದಿಂದ ದೂರ ಉಳಿಯುವವರು ಇರಬಾರದು.

ಸಂಘಗಳು ತಿಂಗಳಿಗೊಂದು ಭಾನುವಾರ ಕಚೇರಿಯಲ್ಲಿ ಒಬ್ಬ ವಕೀಲರನ್ನೂ, ಇಎಸ್‌ಐ ಕಾಗದಪತ್ರ ತಿಳಿದ ಒಬ್ಬ ನಿವೃತ್ತ ನೌಕರರನ್ನೂ ಕೂರಿಸಿದರೆ ಎಷ್ಟೋ ಮಂದಿಗೆ ಉಪಕಾರವಾದೀತು. ನಮ್ಮ ಗ್ರಂಥಾಲಯಗಳು, ರಾತ್ರಿಶಾಲೆಗಳು, ವೈದ್ಯಕೀಯ ಶಿಬಿರಗಳು ಸಮುದಾಯ ಸೇವೆಗೆ ಯೋಗ್ಯ ಸ್ಥಳಗಳೇ. ನ್ಯಾಯಾಲಯ ಒಪ್ಪಿದರೆ ಅಂತಹವರಿಗೆ ಅಲ್ಲಿ ಅವಕಾಶ ಮಾಡಿಕೊಡಬಹುದು. ಆದರೆ ಎರಡು ಶಿಸ್ತು ಪಾಲಿಸಬೇಕು. ಬಾರದವನಿಗೆ ಹಾಜರಿ ಹಾಕಿಕೊಡಬಾರದು. ಪರಿಚಯ, ಜಾತಿ, ಊರು ಎಂದು ದಾಕ್ಷಿಣ್ಯಕ್ಕೆ ಒಳಗಾಗಿ ಕೊಟ್ಟ ಸುಳ್ಳು ಪತ್ರ ಮುಂದೆ ಸಂಘದ ಕೊರಳಿಗೇ ಸುತ್ತಿಕೊಳ್ಳುತ್ತದೆ. ಹಾಗೆಯೇ ನ್ಯಾಯಾಲಯ ಕಳುಹಿಸಿದವನನ್ನು ಪದಾಧಿಕಾರಿಗಳ ಮನೆಗೆಲಸಕ್ಕೋ ಅಂಗಡಿ ಕೆಲಸಕ್ಕೋ ಬಳಸಿಕೊಳ್ಳಬಾರದು. ಅದು ಸಮುದಾಯ ಸೇವೆಯಲ್ಲ, ಬಿಟ್ಟಿ ಚಾಕರಿ.

ಎಲ್ಲಕ್ಕಿಂತ ಮಿಗಿಲಾಗಿ, ಸೇವೆ ಮಾಡುತ್ತಿರುವವನನ್ನು ಕಂಡು ಫೋಟೋ ತೆಗೆದು ಊರಿಗೆ ಕಳುಹಿಸುವ ಚಪಲವನ್ನು ನಾವು ಬಿಡಬೇಕು. ಅವಮಾನಕ್ಕೆ ಹೆದರಿದವನೇ ಕಚೇರಿಯಲ್ಲಿ ಸುಳ್ಳು ಹೇಳುವುದು, ಸೇವೆಗೆ ತಪ್ಪಿಸಿಕೊಳ್ಳುವುದು, ಕೊನೆಗೆ ಸಣ್ಣ ತಪ್ಪಿಗೆ ದೊಡ್ಡ ಬೆಲೆ ತೆರುವುದು. ನ್ಯಾಯಾಲಯ ಅವನಿಗೆ ಜೈಲಿನ ಬದಲು ಸಮಾಜದ ನಡುವೆಯೇ ಇದ್ದು ತಪ್ಪು ತಿದ್ದಿಕೊಳ್ಳುವ ಅವಕಾಶ ಕೊಟ್ಟಿದೆ. ಅವನು ಆದೇಶದ ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡು, ಕೇಳಿದವರಿಗೆ ನಿಜ ಹೇಳಿ, ತನಗೆ ನ್ಯಾಯವಾಗಿ ಸಲ್ಲಬೇಕಾದ ಭತ್ಯೆಯನ್ನು ತಲೆಯೆತ್ತಿ ಪಡೆಯುವಂತಾಗಲಿ. ಆ ಧೈರ್ಯ ತುಂಬುವ ಕೆಲಸ ಸಂಘಗಳಿಂದ ಆಗಬೇಕಾಗಿದೆ.